ಮುಟ್ಟು ಮುಂದೂಡುವ ಮಾತ್ರೆ: ಚೀಟಿ ಬರೆಯುವ ಮುನ್ನ ವೈದ್ಯರು ಕೇಳುವ ಪ್ರಶ್ನೆಗಳು

ಮನೆಯಲ್ಲಿ ಮದುವೆ, ಗೃಹಪ್ರವೇಶ ಇಲ್ಲವೇ ತೀರ್ಥಯಾತ್ರೆ ಗೊತ್ತಾದೊಡನೆ ಹೆಣ್ಣುಮಕ್ಕಳ ಕಣ್ಣು ಗೋಡೆಯ ಕ್ಯಾಲೆಂಡರಿನತ್ತ ಹೋಗುತ್ತದೆ. ಮುಟ್ಟಿನ ದಿನ ಅದೇ ವಾರಕ್ಕೆ ಬೀಳುವಂತಿದ್ದರೆ ಹಿರಿಯರೊಬ್ಬರು "ಅದಕ್ಕೇನಂತೆ, ಮಾತ್ರೆ ತಗೊಂಡ್ರಾಯ್ತು ಬಿಡು" ಎನ್ನುತ್ತಾರೆ. ಯಾರೋ ಹೋಗಿ ಔಷಧಿ ಅಂಗಡಿಯಿಂದ ಮಾತ್ರೆ ತರುತ್ತಾರೆ. ಅಂಗಡಿಯವರು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಬೇಕು? ಮಾತ್ರೆಯನ್ನು ನುಂಗಲಿರುವವರ ವಯಸ್ಸೆಷ್ಟು, ಅವರಿಗೆ ಬೇರೆ ಕಾಯಿಲೆ ಇದೆಯೇ ಎಂದು ವಿಚಾರಿಸುವವರು ವಿರಳ.

ಈ ಮಾತ್ರೆಯಲ್ಲಿರುವುದು ನಾರ್‌ಎಥಿಸ್ಟರಾನ್ ಎಂಬ ಕೃತಕ ಹಾರ್ಮೋನು. ಪ್ರಿಮೋಲಟ್-ಎನ್, ರೆಜೆಸ್ಟ್ರೋನ್ ಮುಂತಾದ ಹೆಸರುಗಳಲ್ಲಿ ಇದು ಮಾರಾಟವಾಗುತ್ತದೆ. ಮಾತ್ರೆಯ ಹಾಳೆಯ ಹಿಂಬದಿಯನ್ನು ಓದಿದರೆ ಇದು ‘ಷೆಡ್ಯೂಲ್ ಎಚ್’ ಪಟ್ಟಿಯ ಔಷಧಿ, ನೋಂದಾಯಿತ ವೈದ್ಯರ ಚೀಟಿಯ ಮೇಲೆ ಮಾತ್ರ ಮಾರತಕ್ಕದ್ದು ಎಂಬ ಎಚ್ಚರಿಕೆ ಸಣ್ಣ ಅಕ್ಷರಗಳಲ್ಲಿ ಕಾಣುತ್ತದೆ. ಈ ನಿಯಮ ಎಷ್ಟರ ಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದನ್ನು ನಾವು ಹೇಳಬೇಕಾಗಿಲ್ಲ.

ಚೀಟಿ ಬರೆಯುವ ಮುನ್ನ ವೈದ್ಯರು ಐದಾರು ಪ್ರಶ್ನೆ ಕೇಳುತ್ತಾರೆ. ಕೇಳಲೇಬೇಕು. ಮೇಲ್ನೋಟಕ್ಕೆ ಕಾಲಹರಣದಂತೆ ಕಾಣುವ ಆ ಪ್ರಶ್ನೆಗಳಲ್ಲಿ ಒಂದೊಂದರ ಹಿಂದೆಯೂ ಶರೀರಕ್ರಿಯೆಯ ಅಥವಾ ರಸಾಯನ ವಿಜ್ಞಾನದ ಒಂದು ಖಚಿತ ಕಾರಣವಿದೆ. ಅಂಗಡಿಯಿಂದ ನೇರವಾಗಿ ಮಾತ್ರೆ ತಂದಾಗ ನಾವು ತಪ್ಪಿಸಿಕೊಳ್ಳುವುದು ಈ ಪ್ರಶ್ನೆಗಳನ್ನು. ಅವು ಏಕೆ ಬೇಕು ಎಂಬುದನ್ನು ತಿಳಿಯಲು ಮೊದಲು ಮುಟ್ಟು ಏಕೆ ಆಗುತ್ತದೆ ಎಂಬಲ್ಲಿಂದ ಹೊರಡೋಣ.

ಕೋತಿಯ ಕಣ್ಣಿನಲ್ಲಿ ಕಂಡ ಮುಟ್ಟು

ಪ್ರತಿ ತಿಂಗಳೂ ಅಂಡಾಶಯದಿಂದ ಒಂದು ಅಂಡ ಹೊರಬೀಳುತ್ತದೆ. ಅಂಡ ಹೊರಟುಹೋದ ಕೋಶಿಕೆ ಅಲ್ಲಿಗೇ ನಾಶವಾಗದೆ ಹಳದಿ ಬಣ್ಣದ ಒಂದು ತಾತ್ಕಾಲಿಕ ಗ್ರಂಥಿಯಾಗಿ ಮಾರ್ಪಡುತ್ತದೆ. ಇದೇ ಕಾರ್ಪಸ್ ಲೂಟಿಯಮ್. ಇದು ಸ್ರವಿಸುವ ಪ್ರೊಜೆಸ್ಟರಾನ್ ಹಾರ್ಮೋನು ಗರ್ಭಕೋಶದ ಒಳಪದರವನ್ನು ಮೆತ್ತಗೆ, ರಕ್ತಸಮೃದ್ಧವಾಗಿ, ಭ್ರೂಣಕ್ಕೆ ಯೋಗ್ಯವಾಗಿ ಇರಿಸುತ್ತದೆ. ಗರ್ಭ ನಿಲ್ಲದಿದ್ದರೆ ಈ ಗ್ರಂಥಿಯ ಆಯುಷ್ಯ ಹೆಚ್ಚೆಂದರೆ ಹದಿನಾಲ್ಕು ದಿನ. ಅದು ಸೊರಗಿದಾಗ ರಕ್ತದಲ್ಲಿ ಪ್ರೊಜೆಸ್ಟರಾನಿನ ಮಟ್ಟ ಥಟ್ಟನೆ ಕುಸಿಯುತ್ತದೆ. ಆ ಕುಸಿತವೇ ಮುಟ್ಟಿನ ಸೂಚನೆ.

ಕುಸಿತದ ನಂತರ ಒಳಗೆ ಏನಾಗುತ್ತದೆ? ಮುಟ್ಟಾಗುವ ಪ್ರಾಣಿಯ ಗರ್ಭಕೋಶದೊಳಗೆ ಇಣುಕಿ ನೋಡುವುದು ಆ ಕಾಲಕ್ಕೆ ಸಾಧ್ಯವಿರಲಿಲ್ಲ. ಅಮೆರಿಕದ ವಿಜ್ಞಾನಿ ಮಾರ್ಕೀ ಇದಕ್ಕೊಂದು ವಿಚಿತ್ರ ಉಪಾಯ ಹೂಡಿದರು. ರೀಸಸ್ ಕೋತಿಯ ಗರ್ಭಕೋಶದ ಒಳಪದರದ ಸಣ್ಣ ಚೂರುಗಳನ್ನು ತೆಗೆದು ಅದೇ ಕೋತಿಯ ಕಣ್ಣಿನ ಮುಂಭಾಗದ ಕೋಣೆಯಲ್ಲಿ ನಾಟಿ ಮಾಡಿದರು. ಕಾರ್ನಿಯಾ ಪಾರದರ್ಶಕ ತಾನೆ? ಅದನ್ನೇ ಕಿಟಕಿಯಾಗಿ ಬಳಸಿ, ಆ ಚೂರುಗಳು ಬೆಳೆಯುವುದನ್ನೂ ಕೋತಿಗೆ ಮುಟ್ಟಾದಾಗ ಕಣ್ಣಿನೊಳಗೇ ರಕ್ತ ಒಸರುವುದನ್ನೂ ದಿನವೂ ನೋಡಿದರು. 1940ರಲ್ಲಿ ಪ್ರಕಟವಾದ ಈ ವೀಕ್ಷಣೆಗಳು ಇಂದಿಗೂ ಪಠ್ಯಪುಸ್ತಕಗಳಲ್ಲಿವೆ. ಹಾರ್ಮೋನು ಕುಸಿದಾಗ ಒಳಪದರ ಮೊದಲು ಕುಗ್ಗುತ್ತದೆ. ಅದರಲ್ಲಿನ ಸುರುಳಿ ಧಮನಿಗಳು ಇನ್ನಷ್ಟು ಸುತ್ತಿಕೊಂಡು, ಬಿಗಿಯಾಗಿ ಸಂಕುಚಿಸುತ್ತವೆ. ರಕ್ತ ಸಿಗದ ಅಂಗಾಂಶ ಸಾಯುತ್ತದೆ, ಕಳಚುತ್ತದೆ.

ಹಾಗಾದರೆ ಪ್ರೊಜೆಸ್ಟರಾನ್ ಕುಸಿಯುವ ಮೊದಲೇ ಅದರಂತೆ ಕೆಲಸ ಮಾಡುವ ಇನ್ನೊಂದು ವಸ್ತುವನ್ನು ಹೊರಗಿನಿಂದ ಕೊಟ್ಟರೆ? ಒಳಪದರದ ಗ್ರಾಹಿಗಳಿಗೆ ಕುಸಿತ ತಿಳಿಯುವುದೇ ಇಲ್ಲ. ಸುರುಳಿ ಧಮನಿಗಳು ಸಂಕುಚಿಸುವುದಿಲ್ಲ. ಮುಟ್ಟು ಕಾಯುತ್ತದೆ. ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ತಡೆದಿದ್ದ ಕುಸಿತ ಉಂಟಾಗಿ ಮುಟ್ಟು ಬರುತ್ತದೆ. ಮುಂದೂಡುವ ಮಾತ್ರೆಯ ತತ್ತ್ವ ಇಷ್ಟೆ. ‘ಕೆಟ್ಟ ರಕ್ತ ಒಳಗೇ ನಿಂತುಬಿಡುತ್ತದೆ’ ಎಂಬ ಭಯ ಹಲವರಲ್ಲಿದೆ. ನಿಲ್ಲಲು ಅಲ್ಲಿ ರಕ್ತ ಒಸರಿರುವುದೇ ಇಲ್ಲ.

ವೈದ್ಯರ ಮೊದಲ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ: "ಕೊನೆಯ ಸಲ ಮುಟ್ಟಾಗಿದ್ದು ಯಾವತ್ತಮ್ಮ? ತಿಂಗಳು ತಿಂಗಳು ಸರಿಯಾಗಿ ಆಗುತ್ತಾ?" ಮಾತ್ರೆ ಕುಸಿತಕ್ಕಿಂತ ಮೊದಲೇ ದೇಹ ಸೇರಿರಬೇಕು. ಕುಸಿತದ ಸರಪಳಿ ಕ್ರಿಯೆ ಒಂದು ಹಂತ ದಾಟಿದ ಮೇಲೆ ಹಾರ್ಮೋನು ಕೊಟ್ಟು ಹಿಂದಿರುಗಿಸಲಾಗದು. ರೀಸಸ್ ಕೋತಿಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ ಈ ಗಡುವು ಸುಮಾರು 36 ಗಂಟೆ ಎಂದು ಕಂಡುಬಂದಿದೆ. ಅದರೊಳಗೆ ಪ್ರೊಜೆಸ್ಟರಾನ್ ಮರಳಿ ಕೊಟ್ಟರೆ ಮುಟ್ಟು ನಿಲ್ಲುತ್ತದೆ, ತಡವಾದರೆ ಇಲ್ಲ. ಆದ್ದರಿಂದಲೇ ಸಾಮಾನ್ಯ ಕ್ರಮದಲ್ಲಿ ನಿರೀಕ್ಷಿತ ದಿನಕ್ಕೆ ಮೂರು ದಿನ ಮುಂಚಿತವಾಗಿ ಮಾತ್ರೆ ಆರಂಭಿಸಲು ಹೇಳುತ್ತಾರೆ. 20ನೇ ತಾರೀಖು ಮುಟ್ಟಾಗಬೇಕಾದವರು 17ರಂದು ಆರಂಭಿಸಬೇಕು. 20ರ ಬೆಳಿಗ್ಗೆ ಕಲೆ ಕಂಡ ಮೇಲೆ ಓಡಿಹೋಗಿ ತಂದ ಮಾತ್ರೆ ವ್ಯರ್ಥ. ಆಗ ಹಲವರು ಒಂದರ ಬದಲು ಎರಡು ನುಂಗುತ್ತಾರೆ. ಅದು ವ್ಯರ್ಥ ಮಾತ್ರವಲ್ಲ, ಅಪಾಯಕ್ಕೆ ದಾರಿ.

ಗೆಣಸಿನಿಂದ ಮಾತ್ರೆಯವರೆಗೆ

ಸಹಜ ಪ್ರೊಜೆಸ್ಟರಾನನ್ನೇ ಮಾತ್ರೆಯಾಗಿ ಕೊಡಬಹುದಿತ್ತಲ್ಲ ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಬಹುದು. 1934ರಲ್ಲೇ ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದರು. ಆದರೆ ಬಾಯಿಯ ಮೂಲಕ ಕೊಟ್ಟರೆ ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗಿ ಅದರ ಬಹುಭಾಗ ಅಲ್ಲೇ ನಾಶವಾಗುತ್ತಿತ್ತು. ಅಲ್ಲದೆ ಪ್ರಾಣಿಗಳ ಅಂಡಾಶಯದಿಂದ ಪಡೆಯುವ ಹಾರ್ಮೋನು ಬಂಗಾರಕ್ಕಿಂತ ತುಟ್ಟಿ. 1940ರ ದಶಕದಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ರಸೆಲ್ ಮಾರ್ಕರ್ ಮೆಕ್ಸಿಕೋದ ಕಾಡಿನಲ್ಲಿ ಬೆಳೆಯುವ ಗೆಣಸೊಂದರಿಂದ (ನಮ್ಮ ಕಾಡುಗೆಣಸುಗಳ ಕುಲವಾದ ಡಯಾಸ್ಕೋರಿಯಾಕ್ಕೇ ಸೇರಿದ್ದು) ಡಯಾಸ್ಜೆನಿನ್ ಎಂಬ ವಸ್ತುವನ್ನು ತೆಗೆದು, ಅದನ್ನು ಕೆಲವೇ ಹಂತಗಳಲ್ಲಿ ಪ್ರೊಜೆಸ್ಟರಾನ್ ಆಗಿ ಪರಿವರ್ತಿಸಿ ತೋರಿಸಿದರು. ಬೆಲೆಯ ಸಮಸ್ಯೆ ಅಲ್ಲಿಗೆ ಬಗೆಹರಿಯಿತು. ಯಕೃತ್ತಿನ ಸಮಸ್ಯೆ ಉಳಿಯಿತು.

ಅದಕ್ಕೂ ಉತ್ತರ ಸಿಕ್ಕಿದ್ದು ಮೆಕ್ಸಿಕೋ ನಗರದಲ್ಲೇ, ಮಾರ್ಕರ್ ಸ್ಥಾಪಕರಲ್ಲೊಬ್ಬರಾಗಿದ್ದ ಸಿಂಟೆಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ. 1951ರ ಅಕ್ಟೋಬರ್ 15ರಂದು, ಕಾರ್ಲ್ ಜೆರಾಸಿ ಮತ್ತು ಜಾರ್ಜ್ ರೋಸೆನ್‌ಕ್ರಾಂಜ್ ಅವರ ತಂಡದಲ್ಲಿ ಕೆಲಸ ಮಾಡುತ್ತಿದ್ದ ಲೂಯಿಸ್ ಮಿರಾಮೊಂಟೆಸ್ ಎಂಬ 26ರ ಯುವಕ ನಾರ್‌ಎಥಿಸ್ಟರಾನ್ ತಯಾರಿಕೆಯ ಕೊನೆಯ ಹಂತ ಮುಗಿಸಿದರು. ಈ ಅಣುವಿನಲ್ಲಿ ಎರಡು ಜಾಣತನಗಳಿವೆ. ಒಂದು, 17ನೇ ಇಂಗಾಲಕ್ಕೆ ತ್ರಿಬಂಧವಿರುವ ಎಥಿನೈಲ್ ಗುಂಪನ್ನು ಜೋಡಿಸಿ ಯಕೃತ್ತಿನ ಕಿಣ್ವಗಳು ಸುಲಭವಾಗಿ ಮುರಿಯದಂತೆ ಮಾಡಿರುವುದು. ಎರಡು, 19ನೇ ಇಂಗಾಲವನ್ನು ಕಿತ್ತುಹಾಕಿರುವುದು. ಹೆಸರಿನ ಆರಂಭದ ‘ನಾರ್’ ಹೇಳುವುದು ಈ ಕೊರತೆಯನ್ನೇ. ಕೊರತೆಯಿಂದ ಶಕ್ತಿ ತಗ್ಗುವ ಬದಲು ಬಹಳವಾಗಿ ಹೆಚ್ಚಿತು.

ಎರಡು ಜಲಜನಕದ ಅಂತರ

ಈಗ ಕರಿಹಲಗೆಯ ಮೇಲೆ ಎರಡು ಸೂತ್ರಗಳನ್ನು ಬರೆಯಿರಿ. ನಾರ್‌ಎಥಿಸ್ಟರಾನ್: ಇಂಗಾಲ 20, ಜಲಜನಕ 26, ಆಮ್ಲಜನಕ 2. ಎಥಿನೈಲ್ ಈಸ್ಟ್ರಡಯಾಲ್: ಇಂಗಾಲ 20, ಜಲಜನಕ 24, ಆಮ್ಲಜನಕ 2. ಎರಡನೆಯದು ಕುಟುಂಬ ಯೋಜನೆಯ ಸಂಯುಕ್ತ ಮಾತ್ರೆಗಳಲ್ಲಿರುವ ಈಸ್ಟ್ರೊಜನ್. ‘ಮಾಲಾ-ಎನ್’ ಮಾತ್ರೆಯಲ್ಲಿ ಇದು 30 ಮೈಕ್ರೋಗ್ರಾಂ ಇದೆ. ಎರಡು ಅಣುಗಳ ನಡುವಿನ ವ್ಯತ್ಯಾಸ ಎರಡೇ ಎರಡು ಜಲಜನಕದ ಪರಮಾಣು. ಮೊದಲ ಉಂಗುರ ಬೆಂಜೀನಿನಂತೆ ಆರೋಮ್ಯಾಟಿಕ್ ಆಗಿಬಿಟ್ಟರೆ ನಾರ್‌ಎಥಿಸ್ಟರಾನ್ ಎಂಬುದು ಎಥಿನೈಲ್ ಈಸ್ಟ್ರಡಯಾಲ್ ಆಗುತ್ತದೆ. ಸಾಮಾನ್ಯ ಸ್ಟೀರಾಯ್ಡುಗಳಲ್ಲಿ ಹೀಗಾಗಬೇಕಾದರೆ 19ನೇ ಇಂಗಾಲ ಮೊದಲು ತೊಲಗಬೇಕು. ಇಲ್ಲಿ ಅದನ್ನು ನಾವೇ ತೆಗೆದುಹಾಕಿ ಆಗಿದೆ!

ನಮ್ಮ ಯಕೃತ್ತಿನಲ್ಲಿ ಈ ಪರಿವರ್ತನೆ ನಿಜವಾಗಿಯೂ ನಡೆಯುತ್ತದೆ. ನುಂಗಿದ ಪ್ರಮಾಣದ ಸಾವಿರದಲ್ಲಿ ಕೆಲವೇ ಭಾಗ ಮಾತ್ರ ಹೀಗೆ ಬದಲಾಗುತ್ತದೆ. ಅಷ್ಟು ಅಲ್ಪವಾದರೆ ಚಿಂತೆಯೇಕೆ? ಪ್ರಮಾಣ ನೋಡಿ. ನಾರ್‌ಎಥಿಸ್ಟರಾನ್ ಒಂದನ್ನೇ ಹೊಂದಿರುವ ಗರ್ಭನಿರೋಧಕ ಮಾತ್ರೆಯಲ್ಲಿ ಅದು 0.35 ಮಿಲಿಗ್ರಾಂ ಇರುತ್ತದೆ. ಮುಟ್ಟು ಮುಂದೂಡಲು ಕೊಡುವುದು 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಒಟ್ಟು 15 ಮಿಲಿಗ್ರಾಂ, ಎಂದರೆ ನಲವತ್ತು ಪಟ್ಟಿಗೂ ಹೆಚ್ಚು. ದಿನಕ್ಕೆ 10ರಿಂದ 20 ಮಿಲಿಗ್ರಾಂ ನಾರ್‌ಎಥಿಸ್ಟರಾನ್ ತೆಗೆದುಕೊಳ್ಳುವುದು 20ರಿಂದ 30 ಮೈಕ್ರೋಗ್ರಾಂ ಎಥಿನೈಲ್ ಈಸ್ಟ್ರಡಯಾಲ್ ಇರುವ ಸಂಯುಕ್ತ ಗರ್ಭನಿರೋಧಕ ಮಾತ್ರೆ ನುಂಗಿದ್ದಕ್ಕೆ ಸಮವಾಗಬಹುದೆಂದು ತಜ್ಞರು ಎಣಿಸುತ್ತಾರೆ. ಹೊದಿಕೆಯ ಮೇಲೆ ಬರೆದಿರುವುದು ಒಂದೇ ಹಾರ್ಮೋನು, ರಕ್ತದಲ್ಲಿ ಓಡಾಡುವುದು ಎರಡು. ಮಾತ್ರೆ ಬರೆಯುವ ಎಲ್ಲರೂ ಇದನ್ನು ನೆನಪಿಡುವುದಿಲ್ಲ ಎಂಬುದು ನಮ್ಮ ಅನಿಸಿಕೆ. ‘ಇದರಲ್ಲಿ ಈಸ್ಟ್ರೊಜನ್ ಇಲ್ಲವಲ್ಲ, ತೊಂದರೆಯಿಲ್ಲ’ ಎಂಬ ಮಾತು ಆಗಾಗ ಕೇಳಿಬರುತ್ತದೆ.

ಈಸ್ಟ್ರೊಜನ್ ಯಕೃತ್ತನ್ನು ಪ್ರಚೋದಿಸಿ ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳ ತಯಾರಿಕೆಯನ್ನು ಹೆಚ್ಚಿಸುತ್ತದೆ. ಹೆಪ್ಪನ್ನು ಹದ್ದುಬಸ್ತಿನಲ್ಲಿಡುವ ಆಂಟಿಥ್ರಾಂಬಿನ್, ಪ್ರೋಟೀನ್-ಎಸ್ ಮುಂತಾದವನ್ನು ತಗ್ಗಿಸುತ್ತದೆ. ತಕ್ಕಡಿ ಹೆಪ್ಪಿನ ಕಡೆ ತುಸು ವಾಲುತ್ತದೆ. ಕಾಲಿನ ಆಳದ ಅಭಿಧಮನಿಯಲ್ಲಿ ಹೆಪ್ಪು ಕಟ್ಟಿ, ಅದರ ತುಣುಕೊಂದು ಬಿಡಿಸಿಕೊಂಡು ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಕೆಲವೊಮ್ಮೆ ಹೆಪ್ಪು ಮಿದುಳಿನ ಅಭಿಧಮನಿಗಳಲ್ಲೂ ಕಟ್ಟುತ್ತದೆ.

ಇದರ ಸಂಭವ ಎಷ್ಟು? ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ 2013ರಲ್ಲಿ ಸಂಯುಕ್ತ ಗರ್ಭನಿರೋಧಕಗಳನ್ನು ಪರಿಶೀಲಿಸಿ ಕೊಟ್ಟ ಅಂಕಿಗಳಿವು. ಹಾರ್ಮೋನು ತೆಗೆದುಕೊಳ್ಳದ, ಗರ್ಭಿಣಿಯಲ್ಲದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ಇಂಥ ಹೆಪ್ಪು ಉಂಟಾಗುತ್ತದೆ. ಎಥಿನೈಲ್ ಈಸ್ಟ್ರಡಯಾಲ್ ಜೊತೆಗೆ ಲೆವೊನಾರ್ಜೆಸ್ಟ್ರೆಲ್ ಅಥವಾ ನಾರ್‌ಎಥಿಸ್ಟರಾನ್ ಇರುವ ಮಾತ್ರೆ ಬಳಸುವವರಲ್ಲಿ ಐದರಿಂದ ಏಳು ಮಂದಿಗೆ. ಗರ್ಭಿಣಿಯರಲ್ಲಿ ಇದಕ್ಕಿಂತ ಹೆಚ್ಚು. ಹತ್ತು ದಿನದ ಮಾತ್ರೆಗೆ ವರ್ಷದ ಅಂಕಿಯನ್ನು ಹಾಗೆಯೇ ಅನ್ವಯಿಸಲಾಗದು. ಆರೋಗ್ಯವಂತ ಯುವತಿಗೆ ಅಪಾಯ ನಿಜಕ್ಕೂ ಚಿಕ್ಕದು, ಹೆದರಿ ಮಾತ್ರೆಯನ್ನೇ ದೂರವಿಡಬೇಕಾಗಿಲ್ಲ. ಆದರೆ ಇವೆಲ್ಲ ಸರಾಸರಿಯ ಅಂಕಿಗಳು, ಮತ್ತು ಅಪಾಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರುವುದಿಲ್ಲ. ಬೊಜ್ಜು, ಹಿಂದೆ ಹೆಪ್ಪು ಕಟ್ಟಿದ್ದು, ಹತ್ತಿರದ ರಕ್ತಸಂಬಂಧಿಗಳಿಗೆ ಚಿಕ್ಕ ವಯಸ್ಸಿನಲ್ಲೇ ಹಾಗಾಗಿದ್ದು, ಇತ್ತೀಚಿನ ದೊಡ್ಡ ಶಸ್ತ್ರಕ್ರಿಯೆ, ಹೆರಿಗೆಯಾಗಿ ಕೆಲವೇ ವಾರ ಕಳೆದಿರುವುದು — ಇವುಗಳಲ್ಲಿ ಯಾವುದಾದರೊಂದು ಇದ್ದರೆ ಲೆಕ್ಕ ಬದಲಾಗುತ್ತದೆ. ಎರಡು ಮೂರು ಸೇರಿದರೆ ಪೂರ್ತಿ ಬದಲಾಗುತ್ತದೆ.

ಮಾತ್ರೆ ತೆಗೆದುಕೊಳ್ಳುವ ಸಂದರ್ಭವನ್ನೂ ಯೋಚಿಸಿ. ಯಾತ್ರೆಗೆ ಹೊರಟವರು ರಾತ್ರಿಯಿಡೀ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೇಲೆ ಉಪವಾಸ ಬೇರೆ. ನಾಲ್ಕು ಗಂಟೆಗೂ ಹೆಚ್ಚು ಕಾಲ ಅಲುಗಾಡದೆ ಪ್ರಯಾಣ ಮಾಡಿದರೆ ಹೆಪ್ಪು ಕಟ್ಟುವ ಸಂಭವ ಸುಮಾರು ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದೆ. ಇದು ವಿಮಾನಕ್ಕೆ ಮಾತ್ರವಲ್ಲ, ಬಸ್ಸು, ರೈಲು, ಕಾರುಗಳಿಗೂ ಸಲ್ಲುವ ಮಾತು. ನೀರಿನ ಕೊರತೆ ರಕ್ತವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಹೀಗೆ ಹೆಪ್ಪಿಗೆ ಅನುಕೂಲವಾದ ಮೂರು ಕಾರಣಗಳು ನಮ್ಮ ಯಾತ್ರೆಯ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರುತ್ತವೆ. ಮಾತ್ರೆ ತೆಗೆದುಕೊಂಡಿರುವವರು ಧಾರಾಳವಾಗಿ ನೀರು ಕುಡಿಯಬೇಕು, ಬಸ್ಸು ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ಓಡಾಡಬೇಕು, ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಮೀನಖಂಡದ ಸ್ನಾಯು ರಕ್ತವನ್ನು ಮೇಲೆ ತಳ್ಳುವ ಪಂಪಿನಂತೆ ಕೆಲಸ ಮಾಡುವುದರಿಂದ ಈ ಸಲಹೆ.

ಉಳಿದ ಪ್ರಶ್ನೆಗಳು

"ತಲೆನೋವು ಬರುವ ಮುಂಚೆ ಕಣ್ಣೆದುರು ಮಿಂಚಿದ ಹಾಗೆ, ಅಂಕುಡೊಂಕು ಗೆರೆ ಕಂಡ ಹಾಗೆ ಆಗುತ್ತಾ?" ಎಂಬ ಪ್ರಶ್ನೆ ಹಲವರಿಗೆ ವಿಚಿತ್ರವಾಗಿ ತೋರುತ್ತದೆ. ಮುಟ್ಟಿಗೂ ಮಿಂಚಿಗೂ ಏನು ಸಂಬಂಧ? ಇಂಥ ಮುನ್ಸೂಚನೆಯಿರುವ ಮೈಗ್ರೇನ್ ಉಳ್ಳವರಲ್ಲಿ ಪಾರ್ಶ್ವವಾಯುವಿನ ಸಂಭವ ಮೊದಲೇ ಸ್ವಲ್ಪ ಹೆಚ್ಚು. ಈಸ್ಟ್ರೊಜನ್ ಅದನ್ನು ಇನ್ನೂ ಏರಿಸುತ್ತದೆ. ಹಾಗಾಗಿ ಅವರಿಗೆ ಈ ಮಾತ್ರೆಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ರಕ್ತದೊತ್ತಡವನ್ನು ಅಳೆಯುವುದೂ ಇದೇ ಕಾರಣಕ್ಕೆ. ಕಾಮಾಲೆ ಅಥವಾ ಯಕೃತ್ತಿನ ಇತರ ಕಾಯಿಲೆ, ಸ್ತನದ ಕ್ಯಾನ್ಸರ್ ಇದ್ದವರಿಗೂ ಇದು ಸಲ್ಲದು. ಮಗುವಿಗೆ ಹಾಲೂಡಿಸುತ್ತಿರುವವರು ಅದನ್ನು ತಾವಾಗಿಯೇ ತಿಳಿಸಬೇಕು.

ಹೆಪ್ಪಿನ ಅಪಾಯವಿರುವವರಿಗೆ ವೈದ್ಯರ ಬಳಿ ಬೇರೆ ದಾರಿಗಳಿವೆ. ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ದೇಹದಲ್ಲಿ ಎಥಿನೈಲ್ ಈಸ್ಟ್ರಡಯಾಲ್ ಆಗಿ ಬದಲಾಗುವುದಿಲ್ಲ, ಅದರಲ್ಲಿ ಎಥಿನೈಲ್ ಗುಂಪೇ ಇಲ್ಲ. ಈಗಾಗಲೇ ‘ಮಾಲಾ-ಎನ್’ನಂಥ ಗರ್ಭನಿರೋಧಕ ಮಾತ್ರೆ ಬಳಸುತ್ತಿರುವವರಿಗೆ ಬೇರೆ ಮಾತ್ರೆಯೇ ಬೇಡ. ಅದರ ಹಾಳೆಯ ಕೊನೆಯ ಏಳು ಮಾತ್ರೆಗಳಲ್ಲಿರುವುದು ಬರೀ ಕಬ್ಬಿಣ. ಅವನ್ನು ಬಿಟ್ಟು ಹೊಸ ಹಾಳೆಯ ಹಾರ್ಮೋನು ಮಾತ್ರೆಗೆ ನೇರವಾಗಿ ಹೋದರೆ ಮುಟ್ಟು ಮುಂದಕ್ಕೆ ಹೋಗುತ್ತದೆ. ಇದು ತಿಳಿಯದೆ ಎರಡನ್ನೂ ಒಟ್ಟಿಗೆ ನುಂಗುವವರಿದ್ದಾರೆ. ಅದಕ್ಕೇ ವೈದ್ಯರು "ಈಗ ಬೇರೆ ಯಾವ ಮಾತ್ರೆ ತಗೋತಿದ್ದೀರಿ?" ಎಂದು ಕೇಳುವುದು.

ಆ ಪ್ರಶ್ನೆಗೆ ಇನ್ನೂ ಎರಡು ಕಾರಣಗಳಿವೆ. ಕ್ಷಯದ ಚಿಕಿತ್ಸೆಯಲ್ಲಿ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಮತ್ತು ಫಿನೊಬಾರ್ಬಿಟಾನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತವೆ. ಚುರುಕಾದ ಕಿಣ್ವಗಳು ಹಾರ್ಮೋನನ್ನು ಬೇಗ ಒಡೆದುಹಾಕುವುದರಿಂದ ಮಾತ್ರೆ ತಪ್ಪದೆ ನುಂಗುತ್ತಿದ್ದರೂ ನಡುವೆಯೇ ಸ್ರಾವ ಕಾಣಿಸಿಕೊಳ್ಳಬಹುದು. ಎರಡನೆಯದು ಟ್ರಾನೆಕ್ಸಾಮಿಕ್ ಆಮ್ಲ. ಹೆಚ್ಚು ಸ್ರಾವವಾಗುವಾಗ ಅದನ್ನು ತಗ್ಗಿಸಲು ಕೊಡುವ ಈ ಮಾತ್ರೆ ಹೆಪ್ಪು ಕರಗದಂತೆ ತಡೆಯುತ್ತದೆ. ಹೆಪ್ಪಿನತ್ತ ವಾಲಿದ ತಕ್ಕಡಿಗೆ ಅದನ್ನೂ ಸೇರಿಸುವ ನಿರ್ಧಾರ ವೈದ್ಯರದ್ದೇ ಆಗಿರಬೇಕು, ಅಂಗಡಿಯವರದ್ದಲ್ಲ.

ಇನ್ನು ಅತಿ ಮುಜುಗರದ ಪ್ರಶ್ನೆ: ಗರ್ಭ ನಿಂತಿರುವ ಸಾಧ್ಯತೆ ಇದೆಯೇ? ಮುಟ್ಟು ಮುಂದೂಡುವ ಕ್ರಮದಲ್ಲಿ ಮಾತ್ರೆ ಆರಂಭವಾಗುವುದು ಅಂಡ ಬಿಡುಗಡೆಯಾಗಿ ಹತ್ತು ಹನ್ನೊಂದು ದಿನಗಳ ನಂತರ. ಗರ್ಭ ನಿಲ್ಲುವುದಿದ್ದರೆ ಅಷ್ಟರಲ್ಲಿ ನಿಂತಿರುತ್ತದೆ. ಆದ್ದರಿಂದ ಈ ಮಾತ್ರೆಯನ್ನು ಗರ್ಭನಿರೋಧಕವೆಂದು ಭಾವಿಸಕೂಡದು. ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: ನಿಂತ ಮುಟ್ಟನ್ನು ‘ಬರಿಸಲು’ ಇದೇ ಮಾತ್ರೆ ನುಂಗುವುದು. ಗರ್ಭವಿಲ್ಲದಿದ್ದರೆ ಮಾತ್ರೆ ನಿಲ್ಲಿಸಿದ ಮೇಲೆ ಸ್ರಾವ ಬರುತ್ತದೆ. ಗರ್ಭವಿದ್ದರೆ ಬರುವುದಿಲ್ಲ, ಗರ್ಭಪಾತವೂ ಆಗುವುದಿಲ್ಲ. ಏಕೆಂದರೆ ಗರ್ಭಕ್ಕೆ ಬೇಕಾದ ಪ್ರೊಜೆಸ್ಟರಾನನ್ನು ದೇಹ ತಾನೇ ಒದಗಿಸುತ್ತಿರುತ್ತದೆ, ಕುಸಿತವೇ ಉಂಟಾಗುವುದಿಲ್ಲ. ಹಿಂದೆ ಇದೇ ತತ್ತ್ವದ ಮೇಲೆ ಗರ್ಭ ಪರೀಕ್ಷೆಗೆ ಹಾರ್ಮೋನು ಮಾತ್ರೆಗಳನ್ನು ಕೊಡುತ್ತಿದ್ದರು. ಬ್ರಿಟನ್ನಿನಲ್ಲಿ ಬಳಕೆಯಲ್ಲಿದ್ದ ಪ್ರಿಮೊಡಾಸ್ ಎಂಬ ಅಂಥ ಮಾತ್ರೆಯಲ್ಲಿ 10 ಮಿಲಿಗ್ರಾಂ ನಾರ್‌ಎಥಿಸ್ಟರಾನ್ ಅಸಿಟೇಟ್ ಇತ್ತು. ಹುಟ್ಟುವ ಮಕ್ಕಳಿಗೆ ಹಾನಿಯಾಗುತ್ತಿದೆ ಎಂಬ ಆಕ್ಷೇಪಗಳ ನಡುವೆ 1978ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆ ಕುರಿತ ವಾದ ಇನ್ನೂ ಮುಗಿದಿಲ್ಲ. ಭಾರತದಲ್ಲೂ ಅಧಿಕ ಪ್ರಮಾಣದ ಈಸ್ಟ್ರೊಜನ್-ಪ್ರೊಜೆಸ್ಟೋಜನ್ ಜೋಡಿ ಮಾತ್ರೆಗಳನ್ನು 1980ರ ದಶಕದ ಕೊನೆಗೆ ನಿಷೇಧಿಸಲಾಯಿತು. ಇಂದು ಮೂತ್ರದ ಪರೀಕ್ಷೆ ಐದು ನಿಮಿಷದ ಕೆಲಸ. ಆಶಾ ಕಾರ್ಯಕರ್ತೆಯರ ಬಳಿ ‘ನಿಶ್ಚಯ್’ ಕಿಟ್ ಇರುತ್ತದೆ. ಸಂದೇಹವಿದ್ದರೆ ಮೊದಲು ಪರೀಕ್ಷೆ, ಆಮೇಲೆ ಮಾತ್ರೆ.

ಮುಚ್ಚಿಡಬಾರದ ರಕ್ತಸ್ರಾವ

ನಾರ್‌ಎಥಿಸ್ಟರಾನಿನ ಬಳಕೆ ಮುಟ್ಟು ಮುಂದೂಡಲಷ್ಟೇ ಅಲ್ಲ. ಅತಿಸ್ರಾವ, ಅಕಾಲಿಕ ಸ್ರಾವ, ಎಂಡೋಮೆಟ್ರಿಯೋಸಿಸ್ ಮೊದಲಾದವಕ್ಕೂ ವೈದ್ಯರು ಇದನ್ನು ಬರೆಯುತ್ತಾರೆ. ಮಾತ್ರೆ ಅದೇ, ಆದರೆ ದಿನಗಳ ಲೆಕ್ಕ ಬೇರೆ. ಒಬ್ಬರಿಗೆ ಹತ್ತು ದಿನ, ಇನ್ನೊಬ್ಬರಿಗೆ ತಿಂಗಳುಗಟ್ಟಲೆ. ಆದ್ದರಿಂದ ಅಕ್ಕನ ಚೀಟಿ ತಂಗಿಗೆ ಸಲ್ಲದು.

ಇಲ್ಲೊಂದು ಗಂಭೀರ ವಿಷಯವಿದೆ. ನಲವತ್ತೈದು ದಾಟಿದವರಿಗೆ ಎರಡು ಮುಟ್ಟುಗಳ ನಡುವೆ ಸ್ರಾವ ಕಾಣಿಸಿಕೊಂಡರೆ, ಅಥವಾ ಮುಟ್ಟು ಪೂರ್ತಿ ನಿಂತು ವರ್ಷ ಕಳೆದವರಿಗೆ ಒಂದು ಹನಿ ರಕ್ತ ಕಂಡರೂ, ಅದು ಗರ್ಭಕೋಶದ ಒಳಪದರದ ಅಥವಾ ಗರ್ಭಕೊರಳಿನ ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು. ಬಹುಪಾಲು ಪ್ರಕರಣಗಳಲ್ಲಿ ಕಾರಣ ಅಷ್ಟು ಕೆಟ್ಟದ್ದಾಗಿರುವುದಿಲ್ಲ, ನಿಜ. ಆದರೆ ಪರೀಕ್ಷಿಸದೆ ಅದನ್ನು ಹೇಳುವಂತಿಲ್ಲ. ಮಾತ್ರೆ ನುಂಗಿದರೆ ಸ್ರಾವ ನಿಲ್ಲುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ, ಕಾಯಿಲೆ ಮಾತ್ರ ಒಳಗೆ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ‘ಮುಟ್ಟು ನಿಲ್ಲುವ ವಯಸ್ಸಲ್ವಾ, ಹಾಗೇ ಇರುತ್ತೆ’ ಎಂದು ವರ್ಷಗಟ್ಟಲೆ ಮಾತ್ರೆ ತರಿಸಿ ನುಂಗುವ ಅಮ್ಮಂದಿರು, ಅತ್ತೆಯರು ನಿಮ್ಮ ಮನೆಯಲ್ಲೂ ಇರಬಹುದು. ಅವರಿಗೆ ಬೇಕಾದದ್ದು ಸ್ಕ್ಯಾನಿಂಗ್ ಮತ್ತು ಅಗತ್ಯ ಬಿದ್ದರೆ ಒಳಪದರದ ಚೂರಿನ ಪರೀಕ್ಷೆ. ಮಾತ್ರೆ ಆಮೇಲಿನದು. ಹರೆಯದವರಲ್ಲೂ ಮುಟ್ಟು ತಪ್ಪಿ, ಕಿಬ್ಬೊಟ್ಟೆ ಒಂದು ಪಕ್ಕ ನೋಯುತ್ತ, ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತಿದ್ದರೆ ಗರ್ಭ ನಾಳದಲ್ಲೇ ನಿಂತಿರುವ ಶಂಕೆ ಮೊದಲು ಬರಬೇಕು. ಅಲ್ಲಿ ತಡಮಾಡಲು ಗಂಟೆಗಳ ಅವಕಾಶವೂ ಇರುವುದಿಲ್ಲ.

ಶಾಲೆಯ ಹುಡುಗಿಯರು

ಪರೀಕ್ಷೆ, ಕ್ರೀಡಾಕೂಟ, ಪ್ರವಾಸದ ಸಮಯದಲ್ಲಿ ಈ ಮಾತ್ರೆ ಪ್ರೌಢಶಾಲೆಯ ಹುಡುಗಿಯರ ಚೀಲಗಳಲ್ಲೂ ಕಾಣಿಸಿಕೊಳ್ಳುವುದುಂಟು. ಮೈನೆರೆದ ಮೊದಲ ಎರಡು ಮೂರು ವರ್ಷ ಋತುಚಕ್ರ ಒಂದು ಹದಕ್ಕೆ ಬಂದಿರುವುದಿಲ್ಲ. ಎಷ್ಟೋ ತಿಂಗಳು ಅಂಡವೇ ಬಿಡುಗಡೆಯಾಗಿರುವುದಿಲ್ಲ. ಮುಟ್ಟಿನ ದಿನವೇ ಗೊತ್ತಿಲ್ಲದಿರುವಾಗ ‘ಮೂರು ದಿನ ಮುಂಚೆ’ ಎಂಬ ಲೆಕ್ಕ ಎಲ್ಲಿಂದ ಹಾಕುವುದು? ಹೆಚ್ಚಿನ ಹುಡುಗಿಯರ ನಿಜವಾದ ಕಷ್ಟ ಹೊಟ್ಟೆನೋವು ಮತ್ತು ಪರೀಕ್ಷಾ ಕೇಂದ್ರದಲ್ಲಿ ಶೌಚಾಲಯ ಸರಿಯಿಲ್ಲದಿರುವುದು. ಮೊದಲನೆಯದಕ್ಕೆ ವೈದ್ಯರು ಸೂಚಿಸುವ ನೋವಿನ ಮಾತ್ರೆ ಇದೆ. ಎರಡನೆಯದಕ್ಕೆ ಬೇಕಾದದ್ದು ನೀರು, ಚಿಲಕವಿರುವ ಬಾಗಿಲು, ಶಿಕ್ಷಕರ ಮೇಜಿನಲ್ಲಿ ಒಂದೆರಡು ಪ್ಯಾಡುಗಳು. ಶಾಲೆಯ ಕೊರತೆಯನ್ನು ಹುಡುಗಿಯ ಯಕೃತ್ತಿನ ಮೂಲಕ ಸರಿಪಡಿಸುವುದು ನ್ಯಾಯವಲ್ಲ. ಶಿಕ್ಷಕಿಯರು ಸದುದ್ದೇಶದಿಂದಲೇ ಆದರೂ ತಾವಾಗಿ ಈ ಮಾತ್ರೆ ಕೊಡಕೂಡದು. ಪೂಜೆಗೆ ಮುಟ್ಟು ಅಡ್ಡಿಯೇ ಎಂಬ ಪ್ರಶ್ನೆಯನ್ನು ಆಯಾ ಮನೆಯವರಿಗೆ ಬಿಡೋಣ. ಆದರೆ ಮಾತ್ರೆ ನುಂಗಬೇಕೇ ಬೇಡವೇ ಎಂಬುದರಲ್ಲಿ ನುಂಗುವವಳ ಮಾತಿಗೆ ಬೆಲೆಯಿರಲಿ.

ಮಾತ್ರೆ ಆರಂಭಿಸಿದ ಮೇಲೆ

ನಾರ್‌ಎಥಿಸ್ಟರಾನಿನ ಅರ್ಧಾಯು ಸುಮಾರು ಎಂಟು ಗಂಟೆ. ಎಂದರೆ ಎಂಟು ಗಂಟೆಯಲ್ಲಿ ರಕ್ತದಲ್ಲಿನ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ದಿನಕ್ಕೆ ಮೂರು ಸಲ ಎಂಬ ಸೂಚನೆ ಬಂದದ್ದು ಇದರಿಂದ. ಬೆಳಿಗ್ಗೆ ತಿಂಡಿಗೊಂದು, ಮಧ್ಯಾಹ್ನ ಊಟಕ್ಕೊಂದು, ರಾತ್ರಿ ಮರೆತು ಮಾರನೆಯ ಬೆಳಿಗ್ಗೆ ಎರಡು ಎಂಬ ಪದ್ಧತಿಯಲ್ಲಿ ರಾತ್ರಿಯ ಕುಸಿತವೇ ಸ್ರಾವ ಆರಂಭವಾಗಲು ಸಾಕಾಗಬಹುದು. ಮರೆತ ಮಾತ್ರೆಯನ್ನು ನೆನಪಾದೊಡನೆ ತೆಗೆದುಕೊಳ್ಳಿ, ಮುಂದಿನದರ ಹೊತ್ತೇ ಆಗಿಬಿಟ್ಟಿದ್ದರೆ ಅದೊಂದನ್ನೇ ತೆಗೆದುಕೊಳ್ಳಿ. ದಿನಕ್ಕೊಂದು ನುಂಗುವ, ಹಾರ್ಮೋನನ್ನು ನಿಧಾನವಾಗಿ ಬಿಡುವ ಬಗೆಯ ಮಾತ್ರೆಗಳೂ ಇವೆ. ಅವನ್ನು ಮುರಿದು, ಪುಡಿ ಮಾಡಿ ನುಂಗಬಾರದು. ಮುಂದೂಡುವ ಅವಧಿ ಸಾಮಾನ್ಯವಾಗಿ 10ರಿಂದ 14 ದಿನ ಮೀರುವುದಿಲ್ಲ.

ಓಕರಿಕೆ, ತಲೆನೋವು, ಸ್ತನಗಳಲ್ಲಿ ಬಿಗುವು, ಹೊಟ್ಟೆಯುಬ್ಬರ, ಮನಸ್ಸು ಕಿರಿಕಿರಿಯಾಗುವುದು ಹಲವರಿಗೆ ಆಗುತ್ತದೆ, ಮಾತ್ರೆ ನಿಲ್ಲಿಸಿದರೆ ಹೋಗುತ್ತದೆ. ಆದರೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಹಿಂದೆಂದೂ ಕಾಣದಂಥ ತಲೆನೋವು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಒಂದು ಪಕ್ಕದ ಕೈಕಾಲು ಸೋಲುವುದು, ಕಣ್ಣು ಹಳದಿಯಾಗುವುದು — ಇವುಗಳಲ್ಲಿ ಒಂದು ಕಂಡರೂ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಲು ಹಿಂಜರಿಯಬಾರದು. ಅಲ್ಲಿ ವೈದ್ಯರಿಗೆ ಹೇಳಬೇಕಾದ ಮೊದಲ ಮಾತು ‘ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ’ ಎಂಬುದು. ನಾಚಿಕೆಯಿಂದಲೋ, ಅದೇನು ಮಹಾ ಮಾತ್ರೆ ಎಂಬ ತಾತ್ಸಾರದಿಂದಲೋ ಇದನ್ನು ಹೇಳದೆ ಉಳಿದರೆ ಕಾಲುನೋವು ಬರೀ ಉಳುಕಾಗಿ, ತಲೆನೋವು ಬರೀ ಬಿಸಿಲಿನ ತಾಪವಾಗಿ ಕಂಡುಬಿಡಬಹುದು.

ಕಾರ್ಯ ಮುಗಿದು ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಮುಟ್ಟು ಬರುತ್ತದೆ. ಸ್ರಾವ ಎಂದಿಗಿಂತ ತುಸು ಹೆಚ್ಚಿರಬಹುದು. ಮುಂದಿನ ತಿಂಗಳ ಲೆಕ್ಕವನ್ನು ಈ ಹೊಸ ದಿನದಿಂದ ಹಾಕಿಕೊಳ್ಳಿ. ವಾರ ಕಳೆದರೂ ಬಾರದಿದ್ದರೆ ಮೂತ್ರದ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕಾಣಿ. ಹಾಳೆಯಲ್ಲಿ ಉಳಿದ ಮಾತ್ರೆಗಳನ್ನು ಮುಂದಿನ ಹಬ್ಬಕ್ಕೆಂದು ಬೀರುವಿನಲ್ಲಿ ಎತ್ತಿಡಬೇಡಿ. ಅಷ್ಟರೊಳಗೆ ನಿಮ್ಮ ರಕ್ತದೊತ್ತಡ ಬದಲಾಗಿರಬಹುದು, ಬೇರೆ ಔಷಧಿ ಸೇರಿರಬಹುದು, ಅಥವಾ ಆ ಮಾತ್ರೆ ಪಕ್ಕದ ಮನೆಯವರ ಕೈಗೆ ಹೋಗಿರಬಹುದು.